ಕರೆಂಟ್ ಹೋದ ಮೇಲೆ ಪೆನ್‌ಡ್ರೈವಿನ ಪಪ್ಪಿ ಲಿನಕ್ಸ್ ಬೂಟ್ ಆಗುತ್ತಿಲ್ಲ, ಒಳಗೆ ಗ್ರಂಥಾಲಯದ ಪಟ್ಟಿಯಿದೆ

ಗ್ರಂಥಾಲಯ_ಮೂಡಿಗೆರೆ · ಸೋಮವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮಲ್ಲಿರುವುದು ಹತ್ತಿರದ ಕಾಫಿ ತೋಟದವರು ಕೊಟ್ಟ ಹಳೆಯ ಡೆಸ್ಕ್‌ಟಾಪ್. ಪೆಂಟಿಯಂ ಡ್ಯುಯಲ್ ಕೋರ್ ಪ್ರೊಸೆಸರ್, 1 ಜಿಬಿ ರ್ಯಾಮ್, 160 ಜಿಬಿಯ ಹಾರ್ಡ್ ಡಿಸ್ಕ್. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿ ತೆರೆದುಕೊಳ್ಳಲು ಕಾಲು ಗಂಟೆ ಹಿಡಿಯುತ್ತಿದ್ದುದರಿಂದ, ಪರಿಚಯದ ಹುಡುಗನೊಬ್ಬ 16 ಜಿಬಿಯ ಪೆನ್‌ಡ್ರೈವಿಗೆ ಹಳೆಯ ಯಂತ್ರಗಳಲ್ಲೂ ಓಡುವ ಪಪ್ಪಿ ಲಿನಕ್ಸ್ ಎಂಬ ಹಗುರ ಆಪರೇಟಿಂಗ್ ಸಿಸ್ಟಮ್ಮಿನ ಆವೃತ್ತಿಯಾದ ಬಯೋನಿಕ್‌ಪಪ್ 32 ಹಾಕಿಕೊಟ್ಟ. ಜೂನ್ ತಿಂಗಳಿನಿಂದ ಅದರಲ್ಲಿಯೇ ಕೆಲಸ ಮಾಡುತ್ತಿದ್ದೇನೆ. 640 ಪುಸ್ತಕಗಳ ವಿವರವನ್ನೂ ಯಾರು ಯಾವ ಪುಸ್ತಕ ಒಯ್ದರು ಎಂಬ ಎರವಲು ಪಟ್ಟಿಯನ್ನೂ ಅದರಲ್ಲಿ ಕನ್ನಡದಲ್ಲೇ ತುಂಬಿದ್ದೇನೆ.

ಕಳೆದ ಗುರುವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಂಪ್ಯೂಟರ್ ಆಫ್ ಮಾಡಲು ಒತ್ತಿದೆ. ಅದು ಉಳಿಸಿಕೊಳ್ಳುತ್ತಿರುವಾಗಲೇ ಗುಡುಗು ಬಂದು ಕರೆಂಟ್ ಹೋಯಿತು. ಮರುದಿನ ಆನ್ ಮಾಡಿದರೆ ಎಂದಿನಂತೆ ಮೆನು ಬರುತ್ತದೆ, ಎಂಟರ್ ಒತ್ತಿದರೆ ಕೆಲವು ಸಾಲುಗಳು ಓಡುತ್ತವೆ, ಆಮೇಲೆ ಕಪ್ಪು ಪರದೆಯ ಮೇಲೆ 'ಎಸ್‌ಎಫ್‌ಎಸ್ ನಾಟ್ ಫೌಂಡ್' ಎಂದೂ 'ಡ್ರಾಪಿಂಗ್ ಔಟ್ ಟು ಇನಿಷಿಯಲ್ ರ್ಯಾಮ್‌ಡಿಸ್ಕ್ ಕನ್ಸೋಲ್' ಎಂದೂ ಬಂದು ಅಲ್ಲಿಯೇ ನಿಲ್ಲುತ್ತದೆ. ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕು ಸಲವೂ ಅದೇ. ಪಟ್ಟಿ ಹೋಗಿಬಿಟ್ಟಿತೇ, ಉಳಿದಿದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಯಗಚಿ_ತೀರ · ಸೋಮವಾರ, ಬೆಳಿಗ್ಗೆ 11:05

ಪೆನ್‌ಡ್ರೈವ್ ಕೆಟ್ಟಿರಬೇಕು ಮೇಡಂ. ಅದನ್ನು ಫಾರ್ಮ್ಯಾಟ್ ಮಾಡಿ, ಐಎಸ್‌ಒ ಕಡತವನ್ನು (ಇಡೀ ಪಪ್ಪಿ ತುಂಬಿರುವ ಕಡತ) ಮತ್ತೆ ಇಳಿಸಿಕೊಂಡು ರೂಫಸ್ ಎಂಬ ತಂತ್ರಾಂಶದಿಂದ ಬರೆದರೆ ಹತ್ತು ನಿಮಿಷದ ಕೆಲಸ. ಬೇಲೂರಿನಲ್ಲಿ ನನ್ನ ಮೂರು ಯಂತ್ರಗಳು ಹೀಗೆಯೇ ಸರಿಯಾಗಿವೆ.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಸೋಮವಾರ, ಬೆಳಿಗ್ಗೆ 11:20

ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಆ ಪೆನ್‌ಡ್ರೈವಿನ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿ. ನಿಮ್ಮ ಮೂರು ತಿಂಗಳ ಪಟ್ಟಿ ಅದರ ಒಳಗೇ ಇದೆ.

ಪಪ್ಪಿ ಹೇಗೆ ಏಳುತ್ತದೆ ಎಂಬುದು ಗೊತ್ತಿದ್ದರೆ ಎಲ್ಲಿ ನಿಂತಿತು ಎಂಬುದೂ ಗೊತ್ತಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪೆನ್‌ಡ್ರೈವಿನಲ್ಲಿ ಮುಖ್ಯವಾಗಿ ನಾಲ್ಕು ಕಡತಗಳಿರುತ್ತವೆ. ವಿಎಂಲಿನಜ್ ಎಂಬುದು ಲಿನಕ್ಸಿನ ಕರ್ನೆಲ್, ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ತಿರುಳು ತಂತ್ರಾಂಶ. ಇನಿಟ್‌ಆರ್‌ಡಿ ಎಂಬುದು ಕರ್ನೆಲ್ ಎದ್ದ ಕೂಡಲೇ ರ್ಯಾಮ್‌ನಲ್ಲಿ ಬಿಚ್ಚಿಕೊಳ್ಳುವ ಪುಟ್ಟ ವ್ಯವಸ್ಥೆ. ಪಪ್ಪಿ ಎಂದು ಶುರುವಾಗಿ ಎಸ್‌ಎಫ್‌ಎಸ್ ಎಂದು ಕೊನೆಯಾಗುವ ದೊಡ್ಡ ಕಡತದಲ್ಲಿ ಎಲ್ಲ ತಂತ್ರಾಂಶಗಳೂ ಒತ್ತಿ ತುಂಬಿರುತ್ತವೆ, ಅದನ್ನು ಓದಬಹುದೇ ಹೊರತು ತಿದ್ದಲು ಬರುವುದಿಲ್ಲ. ನಾಲ್ಕನೆಯದು ಸೇವ್ ಫೈಲ್. ನೀವು ಹಾಕಿಕೊಂಡ ಅಕ್ಷರವಿನ್ಯಾಸ, ಮಾಡಿದ ಬದಲಾವಣೆ, ತುಂಬಿದ ಪಟ್ಟಿ ಎಲ್ಲವೂ ಈ ಒಂದೇ ಕಡತದಲ್ಲಿರುತ್ತವೆ.

ಮೊದಲ ಎರಡು ಕಡತಗಳನ್ನು ರ್ಯಾಮ್‌ಗೆ ತಂದಿಡುವುದು ಬಯಾಸ್‌ನ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ನೆರವಿನಿಂದ ನಡೆಯುತ್ತದೆ. ಮೂರನೆಯದನ್ನು ಹುಡುಕುವುದು ಬಯಾಸ್ ಅಲ್ಲ, ಆಗ ತಾನೆ ಎದ್ದ ಕರ್ನೆಲ್ ತನ್ನದೇ ಚಾಲಕಗಳನ್ನು (ಡ್ರೈವರ್ ತಂತ್ರಾಂಶಗಳನ್ನು) ಬಳಸಿ ಹುಡುಕುತ್ತದೆ. ನಿಮ್ಮ ಯಂತ್ರ ಮೊದಲ ಎರಡು ಮೆಟ್ಟಿಲು ಹತ್ತಿ ಮೂರನೆಯದರಲ್ಲಿ ನಿಂತಿದೆ. ಕಾರಣ ಎರಡರಲ್ಲಿ ಒಂದು: ದೊಡ್ಡ ಕಡತವೇ ಹಾಳಾಗಿದೆ, ಇಲ್ಲವೇ ಕರ್ನೆಲ್‌ಗೆ ಪೆನ್‌ಡ್ರೈವ್ ಕಾಣಿಸುತ್ತಿಲ್ಲ. ನಾಲ್ಕನೆಯ ಕಡತದ ಸರದಿ ಇನ್ನೂ ಬಂದೇ ಇಲ್ಲ, ಹಾಗಾಗಿ ಪಟ್ಟಿ ಹೋಯಿತೆಂದು ಈಗಲೇ ಎದೆಗುಂದಬೇಡಿ.

ಆ ಕಪ್ಪು ಪರದೆಯಲ್ಲಿ ನೀವು ಆಜ್ಞೆ ಕೊಡಬಹುದು. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸಿ, ಎ, ಟಿ ಎಂದು ಒತ್ತಿ, ಒಂದು ಜಾಗ ಬಿಟ್ಟು, ಓರೆಗೆರೆ, 'ಪ್ರಾಕ್' ಎಂಬುದಕ್ಕೆ ಪಿ, ಆರ್, ಒ, ಸಿ, ಮತ್ತೆ ಓರೆಗೆರೆ, ಕೊನೆಗೆ 'ಪಾರ್ಟಿಷನ್ಸ್' ಎಂಬ ಪದ ಟೈಪ್ ಮಾಡಿ ಎಂಟರ್ ಒತ್ತಿ. ಕರ್ನೆಲ್‌ಗೆ ಕಾಣುತ್ತಿರುವ ಡಿಸ್ಕುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಬಂದುದನ್ನು ಇದ್ದ ಹಾಗೆಯೇ ಇಲ್ಲಿ ಬರೆಯಿರಿ.

ಯಗಚಿ_ತೀರ · ಸೋಮವಾರ, ಬೆಳಿಗ್ಗೆ 11:32

ಒಳಗೆ ಪಟ್ಟಿಯಿದೆ ಎಂಬುದನ್ನು ನಾನು ಸರಿಯಾಗಿ ಓದದೆ ಬರೆದೆ, ಕ್ಷಮಿಸಿ. ಆದರೂ ನನ್ನ ಅನುಭವದ ಮಾತು ಹೇಳುತ್ತೇನೆ ಸರ್: ಇಂತಹ ತೊಂದರೆಗಳಲ್ಲಿ ಹೆಚ್ಚಿನವು ಮತ್ತೆ ಬರೆದರೆ ಹೋಗುತ್ತವೆ. ಕಾರಣ ಹುಡುಕುತ್ತಾ ಎರಡು ದಿನ ಕಳೆಯುವುದಕ್ಕಿಂತ ಬೇರೆ ಪೆನ್‌ಡ್ರೈವಿನಲ್ಲಿ ಹೊಸದಾಗಿ ಬರೆದು ನೋಡುವುದು ಸುಲಭವಲ್ಲವೇ?

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಸೋಮವಾರ, ಬೆಳಿಗ್ಗೆ 11:41

ಬೇರೆ ಪೆನ್‌ಡ್ರೈವಿನಲ್ಲಿ ಎಂದರೆ ನನ್ನ ಆಕ್ಷೇಪವಿಲ್ಲ. ಅದೇ ಪೆನ್‌ಡ್ರೈವಿನಲ್ಲಿ ಎಂದರೆ ಖಂಡಿತ ಬೇಡ. ಕಾರಣ ತಿಳಿಯದೆ ಮತ್ತೆ ಬರೆದವರಿಗೆ ಅದೇ ತೊಂದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಎದುರಾಗುತ್ತದೆ.

ಹಾಸನ_ಸರ್ವಿಸ್ · ಸೋಮವಾರ, ಮಧ್ಯಾಹ್ನ 12:15

ಹಾಸನದಲ್ಲಿ ಕಂಪ್ಯೂಟರ್ ದುರಸ್ತಿ ನನ್ನ ಕಸುಬು. ಇಷ್ಟು ಹಳೆಯ ಯಂತ್ರದಲ್ಲಿ ನಾನು ಮೊದಲು ನೋಡುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನು. ಹೊಸದರಲ್ಲಿ ಅದು 3 ವೋಲ್ಟ್ ಕೊಡುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋದ ಕೂಡಲೇ ಬಯಾಸ್ ತನ್ನ ಎಲ್ಲ ಸೆಟ್ಟಿಂಗನ್ನೂ ಮರೆಯುತ್ತದೆ, ಬೂಟ್ ಕ್ರಮವೂ ಅದಲುಬದಲಾಗುತ್ತದೆ. ಬ್ಯಾಟರಿ ಬದಲಿಸಿ ನೋಡಿ ಮೇಡಂ.

ಎಂಜಿನಿಯರಿಂಗ್_ವಿದ್ಯಾರ್ಥಿ · ಸೋಮವಾರ, ಮಧ್ಯಾಹ್ನ 12:22

ಸರ್, ಬೂಟ್ ಕ್ರಮ ಬದಲಾಗಿದ್ದರೆ ಪೆನ್‌ಡ್ರೈವಿನ ಮೆನುವೇ ಬರುತ್ತಿರಲಿಲ್ಲ, ನೇರವಾಗಿ ವಿಂಡೋಸ್ ಎಕ್ಸ್‌ಪಿ ತೆರೆದುಕೊಳ್ಳುತ್ತಿತ್ತು. ಮೆನು ಬಂದಿದೆ, ಕರ್ನೆಲ್ ಎದ್ದಿದೆ. ಈ ತೊಂದರೆಗೆ ಬ್ಯಾಟರಿ ಕಾರಣವಾಗಲಾರದು.

ಗ್ರಂಥಾಲಯ_ಮೂಡಿಗೆರೆ · ಸೋಮವಾರ, ಮಧ್ಯಾಹ್ನ 2:50

ಎಲ್ಲರಿಗೂ ಧನ್ಯವಾದ. ಸರ್ ಹೇಳಿದಂತೆ ಟೈಪ್ ಮಾಡಿದೆ. ರ್ಯಾಮ್ ಎಂದು ಆರಂಭವಾಗುವ ಕೆಲವು ಸಾಲುಗಳು, ಎಸ್‌ಡಿಎ, ಎಸ್‌ಡಿಎ1, ಎಸ್‌ಡಿಎ2 ಇಷ್ಟೇ ಬಂದವು. ಎಸ್‌ಡಿಬಿ ಎಂಬುದು ಎಲ್ಲಿಯೂ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಮೆನು ಬರುವಾಗ ಪೆನ್‌ಡ್ರೈವಿನ ದೀಪ ಮಿನುಗುತ್ತಿರುತ್ತದೆ, ಆ ತಪ್ಪು ಸಂದೇಶ ಬರುವ ಹೊತ್ತಿಗೆ ಆರಿಹೋಗಿರುತ್ತದೆ. ಪೆನ್‌ಡ್ರೈವನ್ನು ಮೊದಲಿನಿಂದಲೂ ಡಬ್ಬದ ಮುಂಭಾಗದ ಪೋರ್ಟಿಗೇ ಹಾಕುತ್ತಿದ್ದೇನೆ, ಏಕೆಂದರೆ ಮೇಜನ್ನು ಗೋಡೆಗೆ ತಾಗಿಸಿ ಇಟ್ಟಿರುವುದರಿಂದ ಹಿಂಭಾಗಕ್ಕೆ ಕೈ ಹೋಗುವುದಿಲ್ಲ.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಸೋಮವಾರ, ಮಧ್ಯಾಹ್ನ 3:10

ಎಸ್‌ಡಿಎ ಎಂದರೆ ನಿಮ್ಮ ಹಾರ್ಡ್ ಡಿಸ್ಕ್. ಎಸ್‌ಡಿಬಿ ಇಲ್ಲವೆಂದರೆ ಕರ್ನೆಲ್‌ನ ಪಾಲಿಗೆ ಪೆನ್‌ಡ್ರೈವ್ ಹಾಕಿಯೇ ಇಲ್ಲ ಎಂದರ್ಥ. ನೀವು ದೀಪವನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು, ಅದೂ ಇದನ್ನೇ ಹೇಳುತ್ತಿದೆ. ಮೇಜನ್ನು ಸ್ವಲ್ಪ ಎಳೆದು, ಪೆನ್‌ಡ್ರೈವನ್ನು ಹಿಂಭಾಗದಲ್ಲಿ ಮದರ್‌ಬೋರ್ಡಿಗೆ ನೇರವಾಗಿ ಕೂಡಿರುವ ಪೋರ್ಟಿಗೆ ಹಾಕಿ ನೋಡಿ.

ಎಂಜಿನಿಯರಿಂಗ್_ವಿದ್ಯಾರ್ಥಿ · ಸೋಮವಾರ, ಮಧ್ಯಾಹ್ನ 3:18

ಒಂದು ಸಂದೇಹ ಸರ್. ಅದೇ ಪೋರ್ಟಿನಿಂದ ಬಯಾಸ್ ಎರಡು ಕಡತಗಳನ್ನು ಓದಿಕೊಂಡಿತಲ್ಲ, ಅದೇ ಪೋರ್ಟ್ ಕರ್ನೆಲ್‌ಗೆ ಮಾತ್ರ ಏಕೆ ಕೆಲಸ ಮಾಡುವುದಿಲ್ಲ?

ಹಾಸನ_ಸರ್ವಿಸ್ · ಸೋಮವಾರ, ಮಧ್ಯಾಹ್ನ 3:45

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಏಕೆಂದರೆ ಮಲೆನಾಡಿನ ಕಡೆಯಿಂದ ಬರುವ ಯಂತ್ರಗಳಲ್ಲಿ ಇದನ್ನು ಪದೇಪದೇ ನೋಡಿದ್ದೇನೆ. ಯುಎಸ್‌ಬಿಗೆ ಬೇರೆಬೇರೆ ವೇಗಗಳಿವೆ. ಹಳೆಯ ಬಯಾಸ್‌ಗಳಲ್ಲಿ ಹಲವು ಪೆನ್‌ಡ್ರೈವನ್ನು ಸೆಕೆಂಡಿಗೆ 12 ಮೆಗಾಬಿಟ್‌ನ ನಿಧಾನ ವೇಗದಲ್ಲಿ ಓದುತ್ತವೆ. ಲಿನಕ್ಸ್ ಎದ್ದ ಕೂಡಲೇ ಅದನ್ನು 480 ಮೆಗಾಬಿಟ್‌ನ ವೇಗಕ್ಕೆ ಏರಿಸಲು ನೋಡುತ್ತದೆ. ಮುಂಭಾಗದ ಪೋರ್ಟ್‌ಗಳು ಒಂದು ತೆಳು ಕೇಬಲಿನ ಮೂಲಕ ಮದರ್‌ಬೋರ್ಡಿಗೆ ಕೂಡಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶೀತಕ್ಕೆ ಆ ಕೇಬಲಿನ ಪಿನ್ನುಗಳು ಹಸಿರುಗಟ್ಟುತ್ತವೆ, ಪೋರ್ಟಿನ ಒಳಗೆ ಇರುವೆ ಗೂಡು ಕಟ್ಟಿದ್ದನ್ನೂ ನಾನು ನೋಡಿದ್ದೇನೆ. ಸಂಪರ್ಕ ಅರೆಬರೆಯಾದಾಗ ನಿಧಾನ ವೇಗ ಹೇಗೋ ನಡೆಯುತ್ತದೆ, ಹೆಚ್ಚಿನ ವೇಗ ನಡೆಯುವುದಿಲ್ಲ. ಮೇಡಂ, ಆ ಪರದೆಯಲ್ಲಿ ಡಿ, ಎಂ, ಇ, ಎಸ್, ಜಿ ಎಂದು ಟೈಪ್ ಮಾಡಿದರೆ 'ಡಿವೈಸ್ ಡಿಸ್ಕ್ರಿಪ್ಟರ್ ರೀಡ್' ಎಂದು ಆರಂಭವಾಗಿ 'ಎರರ್' ಎಂದು ಮುಗಿಯುವ ಸಾಲು ಸಿಕ್ಕೀತು. ಸಿಕ್ಕರೆ ನನ್ನ ಊಹೆ ನಿಜ.

ಸಕಲೇಶಪುರ_ತೋಟ · ಸೋಮವಾರ, ಸಂಜೆ 5:30

ವೋಲ್ಟೇಜನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಎಲ್ಲ ತೋಟಗಳಲ್ಲೂ ಸ್ಪ್ರಿಂಕ್ಲರ್ ಮೋಟಾರುಗಳು ಓಡುವಾಗ, ಯುಎಸ್‌ಬಿ ಹಾರ್ಡ್ ಡಿಸ್ಕ್ ಹೀಗೆಯೇ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಡಬ್ಬದ ಒಳಗಿನ ಪವರ್ ಸಪ್ಲೈ ಬದಲಿಸಿದ ಮೇಲೆ ನಿಂತಿತು.

ಗ್ರಂಥಾಲಯ_ಮೂಡಿಗೆರೆ · ಮಂಗಳವಾರ, ಬೆಳಿಗ್ಗೆ 11:15

ಹಾಸನದ ಸರ್ ಹೇಳಿದ ಸಾಲು ಇತ್ತು, ಒಂದಲ್ಲ, ಆರು ಸಲ ಇತ್ತು. ಮೇಜನ್ನು ಎಳೆದು ಹಿಂಭಾಗದ ಪೋರ್ಟಿಗೆ ಹಾಕಿದೆ. ಈಗ ದೊಡ್ಡ ಕಡತ ಸಿಕ್ಕಿದೆ, ಆ ತಪ್ಪು ಸಂದೇಶ ಬರುತ್ತಿಲ್ಲ. ಆದರೆ ಸೇವ್ ಫೈಲ್ ತೆರೆಯುತ್ತಿದೆ ಎಂಬರ್ಥದ ಸಾಲು ಬಂದ ಮೇಲೆ ಯಂತ್ರ ಅಲ್ಲಿಯೇ ನಿಂತುಬಿಟ್ಟಿದೆ. ನಲವತ್ತು ನಿಮಿಷ ಕಾದೆ. ಈಗ ನನಗೆ ನಿಜವಾಗಿಯೂ ಭಯವಾಗುತ್ತಿದೆ, ಏಕೆಂದರೆ ಈ ಸಲ ನಿಂತಿರುವುದು ಪಟ್ಟಿ ಇರುವ ಕಡತದ ಹತ್ತಿರವೇ.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಮಂಗಳವಾರ, ಬೆಳಿಗ್ಗೆ 11:40

ಒಂದು ಮೆಟ್ಟಿಲು ಮೇಲೆ ಬಂದಿದ್ದೀರಿ. ಆಫ್ ಆಗುವಾಗ ಕರೆಂಟ್ ಹೋಗಿದ್ದರಿಂದ ಸೇವ್ ಫೈಲಿನ ಒಳಗಿನ ಕಡತ ವ್ಯವಸ್ಥೆ ಅರ್ಧ ಬರೆದ ಸ್ಥಿತಿಯಲ್ಲಿ ಉಳಿದಿದೆ ಎಂದು ಕಾಣುತ್ತದೆ. ಬಹುಮಟ್ಟಿಗೆ ಸರಿಪಡಿಸಬಹುದಾದ ತೊಂದರೆ ಇದು. ಆದರೆ ಈಗ ಮಾಡುವ ಕೆಲಸಗಳ ಕ್ರಮ ತಪ್ಪಬಾರದು.

ಮೊದಲು ಸೇವ್ ಫೈಲನ್ನು ಮುಟ್ಟದೆ ಪಪ್ಪಿಯನ್ನು ಎಬ್ಬಿಸಬೇಕು. ಮೆನು ಬಂದಾಗ ನಿಮ್ಮ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ಕರ್ನೆಲ್ ಎಂದು ಆರಂಭವಾಗುವ ಸಾಲಿಗೆ ಹೋಗಿ ಮತ್ತೆ ಇ ಒತ್ತಿ. ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ಪಿ, ಎಫ್, ಐ, ಎಕ್ಸ್, ಸಮ ಚಿಹ್ನೆ, ಆರ್, ಎ, ಎಂ ಎಂದು ನಡುವೆ ಎಲ್ಲಿಯೂ ಜಾಗವಿಲ್ಲದೆ ಸೇರಿಸಿ, ಎಂಟರ್ ಒತ್ತಿ, ಬಳಿಕ ಬಿ ಒತ್ತಿ. ಆಗ ಪಪ್ಪಿ ಸೇವ್ ಫೈಲನ್ನು ಪಕ್ಕಕ್ಕಿಟ್ಟು, ಮೊದಲ ದಿನ ಬಂದ ಹಾಗೆ ಬರಿಯ ರ್ಯಾಮ್‌ನಲ್ಲಿ ಏಳುತ್ತದೆ. ಡೆಸ್ಕ್‌ಟಾಪ್ ಖಾಲಿಯಾಗಿ ಕಂಡರೆ ಗಾಬರಿಯಾಗಬೇಡಿ.

ಬಳಿಕ ಬೇರೊಂದು ಪೆನ್‌ಡ್ರೈವ್ ಹಾಕಿ, ಸೇವ್ ಫೈಲನ್ನು ಅದಕ್ಕೆ ನಕಲು ಮಾಡಿ. ಯಾವ ರಿಪೇರಿಯನ್ನೂ ಮೂಲದ ಮೇಲೆ ಮಾಡಬೇಡಿ. ಪಿಫಿಕ್ಸ್‌ಗೆ ರ್ಯಾಮ್ ಬದಲು ಎಫ್, ಎಸ್, ಸಿ, ಕೆ ಎಂದು ಕೊಟ್ಟರೆ ಬೂಟ್ ಆಗುವಾಗಲೇ ಪಪ್ಪಿ ಸೇವ್ ಫೈಲನ್ನು ಪರೀಕ್ಷಿಸಿ ಸರಿಪಡಿಸುತ್ತದೆ, ಬಹಳ ಜನ ಅದನ್ನೇ ಮೊದಲು ಹೇಳಿಕೊಡುತ್ತಾರೆ. ನಾನು ಹೇಳುವುದಿಲ್ಲ, ಏಕೆಂದರೆ ಅದು ಮೂಲ ಕಡತವನ್ನೇ ತಿದ್ದುತ್ತದೆ, ತಿದ್ದುವಾಗ ಮತ್ತೆ ಕರೆಂಟ್ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕೊನೆಯದಾಗಿ, ಈ ಸ್ಥಿತಿಯಲ್ಲಿ ಆಫ್ ಮಾಡುವಾಗ ಹೊಸ ಸೇವ್ ಫೈಲ್ ಮಾಡಬೇಕೇ ಎಂದು ಪಪ್ಪಿ ಕೇಳುತ್ತದೆ. ಬೇಡ ಎಂದು ಹೇಳಿ.

ಅರಸೀಕೆರೆ_ಶಿಕ್ಷಕಿ · ಮಂಗಳವಾರ, ಮಧ್ಯಾಹ್ನ 1:05

ಇದೇ ವಿಷಯಕ್ಕೆ ಹತ್ತಿರದ ಪ್ರಶ್ನೆಯಾದ್ದರಿಂದ ಇಲ್ಲಿಯೇ ಕೇಳುತ್ತೇನೆ. ನಮ್ಮ ಶಾಲೆಗೆ ದಾನವಾಗಿ ಬಂದ ಲ್ಯಾಪ್‌ಟಾಪ್‌ಗಳಿಗೆ ಪಪ್ಪಿಯ ಇನ್ನೊಂದು ಆವೃತ್ತಿಯಾದ ಫೋಸಾಪಪ್ 64 ಹಾಕಿದ ಪೆನ್‌ಡ್ರೈವ್ ಚುಚ್ಚಿ ನೋಡಿದೆವು. ಒಂದರಲ್ಲಿ ಎಲ್ಲ ಸಾಲುಗಳೂ 'ಡನ್' ಎಂದು ಮುಗಿದ ಮೇಲೆ ಪರದೆ ಕಪ್ಪಾಗುತ್ತದೆ, ಫ್ಯಾನು ಮಾತ್ರ ತಿರುಗುತ್ತಿರುತ್ತದೆ. ಇನ್ನೊಂದರಲ್ಲಿ ಮೆನುವಿನ ನಂತರ 'ಎಕ್ಸ್86-64 ಸಿಪಿಯು ಬೇಕು' ಎಂಬ ಸಂದೇಶ ಬಂದು ನಿಲ್ಲುತ್ತದೆ. ಎರಡಕ್ಕೂ ಒಂದೇ ಕಾರಣವೇ?

ಎಂಜಿನಿಯರಿಂಗ್_ವಿದ್ಯಾರ್ಥಿ · ಮಂಗಳವಾರ, ಮಧ್ಯಾಹ್ನ 1:30

ಒಂದೇ ಅಲ್ಲ ಮೇಡಂ. ಎರಡನೆಯದು ಸರಳ: ಆ ಲ್ಯಾಪ್‌ಟಾಪಿನ ಪ್ರೊಸೆಸರ್ 32 ಬಿಟ್‌ನದು, ನೀವು ಹಾಕಿದ ಕರ್ನೆಲ್ 64 ಬಿಟ್‌ನದು. ಅದಕ್ಕೆ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ, 32 ಬಿಟ್‌ನ ಪಪ್ಪಿಯನ್ನೇ ಹಾಕಬೇಕು. ಅದನ್ನು ಹಾಕಿದ ಮೇಲೂ 'ಪಿಎಇ' (4 ಜಿಬಿಗಿಂತ ಹೆಚ್ಚು ರ್ಯಾಮ್ ಬಳಸಲು ಪ್ರೊಸೆಸರಿನಲ್ಲಿರುವ ಸೌಲಭ್ಯ) ಇಲ್ಲವೆಂಬ ದೂರು ಬಂದರೆ ಅದು ಮೊದಲ ಕಾಲದ ಪೆಂಟಿಯಂ ಎಂ ಅಥವಾ ಸೆಲೆರಾನ್ ಎಂ ಇರಬಹುದು. ಪಿಎಇ ಬೇಡದ ಕರ್ನೆಲ್ ಇರುವ ಹಳೆಯ ಪಪ್ಪಿಗಳಿವೆ, ಟಾರ್‌ಪಪ್‌ನಲ್ಲಿ ಅಂತಹ ಆವೃತ್ತಿ ಸಿಗುತ್ತದೆ.

ಮೊದಲನೆಯದರಲ್ಲಿ ಬೂಟ್ ಪೂರ್ತಿಯಾಗಿದೆ, ಕೆಟ್ಟಿರುವುದು ಚಿತ್ರ ಮೂಡಿಸುವ ಭಾಗ ಮಾತ್ರ. ಮೆನುವಿನಲ್ಲಿ ಕರ್ನೆಲ್ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬುದನ್ನು ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ ಎಂದು ಒಂದೇ ಪದವಾಗಿ ಸೇರಿಸಿ. ಆಗ ಕರ್ನೆಲ್ ಗ್ರಾಫಿಕ್ಸ್ ಚಿಪ್ಪಿನ ವಿಶೇಷ ಚಾಲಕದ ಗೋಜಿಗೆ ಹೋಗುವುದಿಲ್ಲ. ಚಿತ್ರ ಸ್ವಲ್ಪ ಒರಟಾಗಿ ಬರಬಹುದು, ಆದರೆ ಬರುತ್ತದೆ.

ಕಳಸ_ಕಂಪ್ಯೂಟರ್ · ಮಂಗಳವಾರ, ಮಧ್ಯಾಹ್ನ 2:10

ಅದಕ್ಕೂ ಬಗ್ಗದಿದ್ದರೆ 'ಪಿಫಿಕ್ಸ್=ನಾಕ್ಸ್' ಕೊಡಿ, ಅಂದರೆ ಸಮ ಚಿಹ್ನೆಯ ನಂತರ ಎನ್, ಒ, ಎಕ್ಸ್. ಚಿತ್ರವಿಲ್ಲದೆ ಬರಿಯ ಅಕ್ಷರದ ಪರದೆಗೆ ಬರುತ್ತೀರಿ. ಅಲ್ಲಿ 'ಕ್ಸಾರ್ಗ್‌ವಿಜಾರ್ಡ್' ಓಡಿಸಿ ಪರದೆಯ ಅಳತೆಯನ್ನು ಕೈಯಾರೆ ಆರಿಸಿಕೊಳ್ಳಬಹುದು.

ಅರಸೀಕೆರೆ_ಶಿಕ್ಷಕಿ · ಮಂಗಳವಾರ, ಸಂಜೆ 4:20

ನೋಮೋಡ್‌ಸೆಟ್ ಹಾಕಿದ ಕೂಡಲೇ ಪರದೆ ಬಂತು. ಇನ್ನೊಂದಕ್ಕೆ 32 ಬಿಟ್‌ನದನ್ನು ಇಳಿಸಿಕೊಳ್ಳುತ್ತಿದ್ದೇವೆ. ಬಹಳ ಉಪಕಾರವಾಯಿತು.

ಯಗಚಿ_ತೀರ · ಮಂಗಳವಾರ, ಸಂಜೆ 6:45

ಮೂಲ ಪ್ರಶ್ನೆ ಕೇಳಿದ ಮೇಡಂ ಅವರಿಗೆ ಒಂದು ಮಾತು. ಪಟ್ಟಿ ಸಿಕ್ಕ ಮೇಲೆ ಪಪ್ಪಿಯನ್ನೇ ಬಿಟ್ಟುಬಿಡಿ. ಎಲ್ಲವೂ ರೂಟ್ ಎಂಬ, ಎಲ್ಲ ಅಧಿಕಾರವೂ ಇರುವ ಬಳಕೆದಾರನ ಹೆಸರಿನಲ್ಲಿ ಓಡುವ ವ್ಯವಸ್ಥೆ ಸಾರ್ವಜನಿಕ ಜಾಗಕ್ಕೆ ತಕ್ಕುದಲ್ಲ. ಡೆಬಿಯನ್ 13 ಹಾಕಿಕೊಳ್ಳಿ, ಕರೆಂಟ್ ಹೋದರೂ ತಡೆದುಕೊಳ್ಳುತ್ತದೆ. 32 ಬಿಟ್‌ನ ಪ್ರೊಸೆಸರಿಗೂ ಅದು ಸಿಗುತ್ತದೆ.

ಎಂಜಿನಿಯರಿಂಗ್_ವಿದ್ಯಾರ್ಥಿ · ಮಂಗಳವಾರ, ಸಂಜೆ 7:00

ಕೊನೆಯ ವಾಕ್ಯ ತಪ್ಪು ಸರ್. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್‌ನ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದ್ದಾರೆ. ಆದರೆ ಮೇಡಂ ಅವರ ಪೆಂಟಿಯಂ ಡ್ಯುಯಲ್ ಕೋರ್ ಡೆಸ್ಕ್‌ಟಾಪ್ ಪ್ರೊಸೆಸರ್ 64 ಬಿಟ್‌ನದೇ, ಹಾಗಾಗಿ ಅದರಲ್ಲಿ ಅಡ್ಡಿ ಬರುವುದು ಪ್ರೊಸೆಸರಿನಿಂದಲ್ಲ, 1 ಜಿಬಿ ರ್ಯಾಮ್‌ನಿಂದ. ಬ್ರೌಸರ್ ಒಂದನ್ನು ತೆರೆದರೆ ಸಾಕು, ಹಳೆಯ ಹಾರ್ಡ್ ಡಿಸ್ಕಿನ ಸ್ವಾಪ್‌ಗೆ (ರ್ಯಾಮ್ ಸಾಲದಾಗ ಬಳಸುವ ಜಾಗಕ್ಕೆ) ಬಿದ್ದು ಯಂತ್ರ ತೆವಳುತ್ತದೆ.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಮಂಗಳವಾರ, ರಾತ್ರಿ 8:15

ರೂಟ್ ಬಗ್ಗೆ ಯಗಚಿ ತೀರದವರು ಹೇಳಿದ್ದು ತಳ್ಳಿಹಾಕುವ ಮಾತಲ್ಲ. ಆದರೆ ಪಪ್ಪಿಯನ್ನು ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದದ್ದೇ ಒಬ್ಬನೇ ಬಳಸುವ ಹಳೆಯ ಯಂತ್ರಗಳಿಗಾಗಿ. ಮೂಲ ಎಸ್‌ಎಫ್‌ಎಸ್ ಕಡತ ತಿದ್ದಲಾಗದ್ದು ಎಂಬುದೇ ಅದರ ದೊಡ್ಡ ಬಲ. ಸೇವ್ ಫೈಲ್ ಎಷ್ಟೇ ಕೆಟ್ಟಿರಲಿ, ಮೇಡಂ ಈಗ ಮಾಡಲಿರುವಂತೆ ಅದನ್ನು ಪಕ್ಕಕ್ಕಿಟ್ಟು ಶುದ್ಧವಾದ ವ್ಯವಸ್ಥೆಯನ್ನು ಒಂದು ನಿಮಿಷದಲ್ಲಿ ಎಬ್ಬಿಸಬಹುದು. ಹಾರ್ಡ್ ಡಿಸ್ಕಿಗೆ ಹಾಕಿದ ವ್ಯವಸ್ಥೆ ಕೆಟ್ಟರೆ ಅದನ್ನು ನೋಡಲೂ ಇಂತಹದೇ ಒಂದು ಲೈವ್ ಪೆನ್‌ಡ್ರೈವ್ ಬೇಕಾಗುತ್ತದೆ. ಯಾವುದನ್ನು ಹಾಕಿಕೊಳ್ಳಬೇಕು ಎಂಬುದನ್ನು ಪಟ್ಟಿ ಕೈಗೆ ಬಂದ ಮೇಲೆ ಮಾತಾಡೋಣ.

ಗ್ರಂಥಾಲಯ_ಮೂಡಿಗೆರೆ · ಬುಧವಾರ, ಮಧ್ಯಾಹ್ನ 12:30

ಪಿಫಿಕ್ಸ್ ಸೇರಿಸಿದ ಮೇಲೆ ಡೆಸ್ಕ್‌ಟಾಪ್ ಬಂತು. ನಿನ್ನೆ ಸಂಜೆ ಮೂಡಿಗೆರೆಗೆ ಹೋಗಿ 32 ಜಿಬಿಯ ಪೆನ್‌ಡ್ರೈವ್ ತಂದಿದ್ದೆ, 2 ಜಿಬಿಯ ಸೇವ್ ಫೈಲ್ ಅದಕ್ಕೆ ನಕಲಾಯಿತು. ನಕಲಿನ ಮೇಲೆ ಒತ್ತಿದರೆ ತೆರೆಯಲಿಲ್ಲ. ಮುಂದೆ ಏನು ಮಾಡಬೇಕು?

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಬುಧವಾರ, ಮಧ್ಯಾಹ್ನ 12:45

ಈಗ ಮೂಲ ಪೆನ್‌ಡ್ರೈವನ್ನು ಮರೆತುಬಿಡಿ. ನಕಲು ಇರುವ ಕಿಟಕಿಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, 'ವಿಂಡೋ' ಎಂಬುದರೊಳಗೆ 'ಟರ್ಮಿನಲ್ ಹಿಯರ್' ಆರಿಸಿ. ಇ, ಅಂಕಿ 2, ಎಫ್, ಎಸ್, ಸಿ, ಕೆ ಎಂದು ಬರೆದು, ಜಾಗ ಬಿಟ್ಟು ಅಡ್ಡಗೆರೆ ಎಫ್, ಜಾಗ ಬಿಟ್ಟು ಅಡ್ಡಗೆರೆ ಎನ್, ಜಾಗ ಬಿಟ್ಟು ಸೇವ್ ಫೈಲಿನ ಪೂರ್ತಿ ಹೆಸರು ಬರೆಯಿರಿ. ಎನ್ ಎಂದರೆ ತಿದ್ದದೆ ನೋಡಿ ಮಾತ್ರ ಹೇಳು ಎಂದು. ಏನು ಬಂತೆಂದು ತಿಳಿಸಿ.

ಗ್ರಂಥಾಲಯ_ಮೂಡಿಗೆರೆ · ಬುಧವಾರ, ಮಧ್ಯಾಹ್ನ 1:20

ಹಲವು ಸಾಲು ಬಂದವು. ಮೊದಲು ಜರ್ನಲ್ ಬಗ್ಗೆ ಒಂದು ಎಚ್ಚರಿಕೆ. ನಂತರ 'ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್' ಎಂದಿದೆ, ಪಕ್ಕದಲ್ಲಿ 'ನೌ' ಎಂದು 2008ರ ಜನವರಿ 1 ತೋರಿಸುತ್ತಿದೆ. ಆಮೇಲೆ ಕೆಲವು ಇನೋಡ್‌ಗಳ ಲೆಕ್ಕ ತಪ್ಪಿದೆ ಎಂಬ ಸಾಲುಗಳು. ಕಡತ ಭವಿಷ್ಯದಲ್ಲಿದೆ ಎಂದರೆ ಏನರ್ಥ?

ಹಾಸನ_ಸರ್ವಿಸ್ · ಬುಧವಾರ, ಮಧ್ಯಾಹ್ನ 1:28

ಇದು ನಾನು ಸೋಮವಾರ ಹೇಳಿದ ಬ್ಯಾಟರಿಯೇ. ಯಂತ್ರದ ಗಡಿಯಾರ 2008ಕ್ಕೆ ಹಿಂದೆ ಹೋಗಿದೆ. ಪೆನ್‌ಡ್ರೈವ್ ಕಾಣದಿದ್ದುದಕ್ಕೆ ಅದು ಕಾರಣವಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಬ್ಯಾಟರಿ ಸತ್ತಿರುವುದಂತೂ ನಿಜ.

ಎಂಜಿನಿಯರಿಂಗ್_ವಿದ್ಯಾರ್ಥಿ · ಬುಧವಾರ, ಮಧ್ಯಾಹ್ನ 1:35

ಹೌದು ಸರ್, ನಾನು ಬ್ಯಾಟರಿಯ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಬಾರದಿತ್ತು. ಮೆನು ಬಂದದ್ದನ್ನೇ ನೋಡಿದೆ, ದಿನಾಂಕ ಕೇಳಲಿಲ್ಲ.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಬುಧವಾರ, ಮಧ್ಯಾಹ್ನ 1:50

ಸೇವ್ ಫೈಲ್ ಕೊನೆಯ ಸಲ ತೆರೆದದ್ದು ಈ ವರ್ಷ, ಯಂತ್ರದ ಲೆಕ್ಕದಲ್ಲಿ ಇವತ್ತು 2008. ಆದ್ದರಿಂದ ಕಡತ 'ಭವಿಷ್ಯದಲ್ಲಿ' ಇದ್ದಂತೆ ಅದಕ್ಕೆ ಕಾಣುತ್ತಿದೆ, ಹೆದರಬೇಕಾದುದಲ್ಲ. ಈಗ ಯಂತ್ರವನ್ನು ಆಫ್ ಮಾಡಿ (ಹೊಸ ಸೇವ್ ಬೇಡ ಎನ್ನಿ), ಬಯಾಸ್‌ಗೆ ಹೋಗಿ ದಿನಾಂಕ ಮತ್ತು ಸಮಯ ಸರಿ ಮಾಡಿ, ಮತ್ತೆ ಪಿಫಿಕ್ಸ್ ಹಾಕಿ ಎಬ್ಬಿಸಿ. ನಂತರ ಅದೇ ಆಜ್ಞೆಯಲ್ಲಿ ಎನ್ ಬದಲು ವೈ ಬರೆಯಿರಿ. ವೈ ಎಂದರೆ ಕೇಳುವ ಎಲ್ಲ ಪ್ರಶ್ನೆಗೂ ಹೌದು ಎಂದು. ಮಳೆಯ ಲಕ್ಷಣವಿದ್ದರೆ ಅದು ನಿಂತ ಮೇಲೆ ಮಾಡಿ.

ಗ್ರಂಥಾಲಯ_ಮೂಡಿಗೆರೆ · ಬುಧವಾರ, ಸಂಜೆ 4:40

ವೈ ಕೊಟ್ಟ ಮೇಲೆ ಒಂದು ನಿಮಿಷದೊಳಗೆ ಮುಗಿಯಿತು. ನಕಲಿನ ಮೇಲೆ ಒತ್ತಿದರೆ ಈಗ ತೆರೆಯಿತು. ರೂಟ್ ಎಂಬ ಫೋಲ್ಡರಿನ ಒಳಗೆ ನನ್ನ ಫೋಲ್ಡರ್ ಇದೆ. ಆದರೆ ಅದರೊಳಗಿನ ಕಡತಗಳ ಹೆಸರೆಲ್ಲ ಚೌಕಚೌಕವಾಗಿ ಕಾಣುತ್ತಿವೆ. ಒಂದನ್ನು ತೆರೆದರೆ ಅಂಕಿಗಳು ಸರಿಯಾಗಿವೆ, ಅಕ್ಷರವಿರಬೇಕಾದ ಕಡೆಯೆಲ್ಲ ಸಣ್ಣ ಚೌಕಗಳು. 640 ಪುಸ್ತಕಗಳ ಹೆಸರೂ ಹಾಳಾಗಿವೆಯೇ? ಇಷ್ಟು ಹತ್ತಿರ ಬಂದು ಹೀಗಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಕಳಸ_ಕಂಪ್ಯೂಟರ್ · ಬುಧವಾರ, ಸಂಜೆ 4:46

ಅಕ್ಕ, ಏನೂ ಹಾಳಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಈಗ ಎದ್ದಿರುವ ಪಪ್ಪಿಯಲ್ಲಿ ಕನ್ನಡದ ಫಾಂಟ್ ಇಲ್ಲ. ನೀವು ಮೊದಲು ಹಾಕಿಕೊಂಡಿದ್ದ ಫಾಂಟ್ ಕೂಡ ಆ ಸೇವ್ ಫೈಲಿನ ಒಳಗೇ ಇದೆ, ಸೇವ್ ಫೈಲನ್ನು ಪಕ್ಕಕ್ಕಿಟ್ಟು ಬೂಟ್ ಮಾಡಿದ್ದರಿಂದ ಫಾಂಟೂ ಪಕ್ಕಕ್ಕೆ ಹೋಗಿದೆ. ಕಡತದಲ್ಲಿರುವುದು ಯೂನಿಕೋಡ್ ಸಂಖ್ಯೆಗಳು (ಪ್ರತಿ ಅಕ್ಷರಕ್ಕೂ ಗೊತ್ತುಮಾಡಿದ ಸಂಖ್ಯೆಗಳು), ಅವು ಸರಿಯಾಗಿವೆ. ಸಂಖ್ಯೆ ಕೆಟ್ಟಿದ್ದರೆ ಅಕ್ಷರಕ್ಕೊಂದರಂತೆ ಒಪ್ಪವಾಗಿ ಚೌಕಗಳು ಬರುತ್ತಿರಲಿಲ್ಲ, ಬಾಯಿಗೆ ಬಾರದ ಚಿಹ್ನೆಗಳು ಬರುತ್ತಿದ್ದವು. ಗುಬ್ಬಿ ಅಥವಾ ಲೋಹಿತ್ ಕನ್ನಡ ಫಾಂಟಿನ ಒಂದು ಟಿಟಿಎಫ್ ಕಡತವನ್ನು 'ಯುಎಸ್‌ಆರ್, ಶೇರ್, ಫಾಂಟ್ಸ್' ಎಂಬ ದಾರಿಯಲ್ಲಿರುವ ಫೋಲ್ಡರಿಗೆ ಹಾಕಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ.

ಗ್ರಂಥಾಲಯ_ಮೂಡಿಗೆರೆ · ಬುಧವಾರ, ಸಂಜೆ 5:25

ಅಕ್ಷರಗಳು ಬಂದವು. ಎಲ್ಲ ಹೆಸರುಗಳೂ ಇವೆ. ನಾನೇ ಬೆರಳಿಟ್ಟು ಎಣಿಸಿಕೊಂಡು ನೋಡಿದೆ, ಪುಸ್ತಕಗಳ ಪಟ್ಟಿಯಲ್ಲಿ 640ಕ್ಕೆ 640 ಇವೆ. ಎರವಲು ಪಟ್ಟಿಯಲ್ಲಿ ಮಾತ್ರ ಗುರುವಾರ ಸಂಜೆ ಬರೆದ ಹನ್ನೊಂದು ಸಾಲುಗಳಿಲ್ಲ. ಅವನ್ನು ಓದುಗರು ತುಂಬಿಕೊಟ್ಟ ಚೀಟಿಗಳಿಂದ ಮತ್ತೆ ಬರೆಯಬಲ್ಲೆ. ನಿಮ್ಮೆಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಯಗಚಿ_ತೀರ · ಬುಧವಾರ, ಸಂಜೆ 5:40

ಬಹಳ ಸಂತೋಷವಾಯಿತು ಮೇಡಂ. ನಾನು ಮೊದಲು ಹೇಳಿದಂತೆ ಮಾಡಿದ್ದರೆ ಇದೆಲ್ಲ ಅಳಿಸಿಹೋಗುತ್ತಿತ್ತು.

ನಿವೃತ್ತ_ಉಪನ್ಯಾಸಕ_ಚಿಕ್ಕಮಗಳೂರು · ಬುಧವಾರ, ಸಂಜೆ 6:10

ಆ ಹನ್ನೊಂದು ಸಾಲು ಏಕೆ ಹೋದವೆಂದರೆ, ಪೆನ್‌ಡ್ರೈವಿನ ಆಯುಸ್ಸು ಉಳಿಸಲು ಪಪ್ಪಿ ನಿಮ್ಮ ಕೆಲಸವನ್ನು ಆಗಿಂದಾಗ್ಗೆ ಬರೆಯುವುದಿಲ್ಲ. ಅದನ್ನು ರ್ಯಾಮ್‌ನಲ್ಲಿಟ್ಟುಕೊಂಡು, ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ 30 ನಿಮಿಷಕ್ಕೊಮ್ಮೆ ಮತ್ತು ಆಫ್ ಮಾಡುವಾಗ ಸೇವ್ ಫೈಲಿಗೆ ಇಳಿಸುತ್ತದೆ. ತಂತ್ರಾಂಶದಲ್ಲಿ ಸೇವ್ ಒತ್ತಿದರೂ ಅದು ರ್ಯಾಮ್‌ಗೆ ಮಾತ್ರ ಹೋಗುತ್ತದೆ. ಡೆಸ್ಕ್‌ಟಾಪಿನ ಮೇಲೆ ಸೇವ್ ಎಂಬ ಚಿಹ್ನೆಯಿದೆ, ಮೋಡ ಕವಿದಾಗಲೆಲ್ಲ ಅದನ್ನು ಒತ್ತಿ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಪಟ್ಟಿಯನ್ನು ಸೇವ್ ಫೈಲಿನೊಳಗೆ ಇಡದೆ ಪೆನ್‌ಡ್ರೈವಿನ ಮೇಲೆಯೇ ಪ್ರತ್ಯೇಕ ಫೋಲ್ಡರಿನಲ್ಲಿ ಇಡುವುದು. ಆಗ ಸೇವ್ ಫೈಲ್ ಕೆಟ್ಟರೂ ಪಟ್ಟಿ ಅದರ ಜತೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಬೇರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು. ಮೂಲ ಪೆನ್‌ಡ್ರೈವಿನ ಫ್ಯಾಟ್32 ವ್ಯವಸ್ಥೆಗೆ ಜರ್ನಲ್ (ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಲು ಇಟ್ಟುಕೊಳ್ಳುವ ದಾಖಲೆ) ಇಲ್ಲದ್ದರಿಂದ ಅದೂ ಗಾಯಗೊಂಡಿರಬಹುದು. ಪಟ್ಟಿಯ ಎರಡು ನಕಲು ಕೈಯಲ್ಲಿದ್ದ ಮೇಲೆ, ಈಗ ಯಗಚಿ ತೀರದವರು ಹೇಳಿದಂತೆ ಅದನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಬರೆಯಬಹುದು, ಸರಿಪಡಿಸಿದ ಸೇವ್ ಫೈಲನ್ನು ಅದಕ್ಕೆ ಹಿಂದಿರುಗಿಸಬಹುದು.

ಗ್ರಂಥಾಲಯ_ಮೂಡಿಗೆರೆ · ಶುಕ್ರವಾರ, ಬೆಳಿಗ್ಗೆ 10:20

ಪೆನ್‌ಡ್ರೈವ್ ಹೊಸದಾಗಿ ಬರೆದಾಯಿತು, ಸೇವ್ ಫೈಲ್ ಹಿಂದಿರುಗಿತು, ಇವತ್ತು ಹಿಂಭಾಗದ ಪೋರ್ಟಿನಿಂದ ಎಂದಿನಂತೆ ಬೂಟ್ ಆಯಿತು. ಪಟ್ಟಿಯನ್ನು ಹೊರಗಿನ ಫೋಲ್ಡರಿಗೆ ಸಾಗಿಸಿದ್ದೇನೆ. 32 ಜಿಬಿಯದರಲ್ಲಿ ಪ್ರತಿ ಶನಿವಾರ ಒಂದು ನಕಲು ಇಡುತ್ತೇನೆ. ಮುಂಭಾಗದ ಪೋರ್ಟಿನ ಮೇಲೆ ಅಂಟುಕಾಗದ ಹಚ್ಚಿದ್ದೇನೆ. ಬ್ಯಾಟರಿಯನ್ನು ತಂದಿದ್ದೇನೆ, ಆದರೆ ಡಬ್ಬ ತೆರೆದು ಹಾಕಲು ಧೈರ್ಯ ಬರುತ್ತಿಲ್ಲ.

ಹಾಸನ_ಸರ್ವಿಸ್ · ಶುಕ್ರವಾರ, ಬೆಳಿಗ್ಗೆ 10:35

ಗೋಡೆಯ ಪ್ಲಗ್ಗನ್ನೇ ಕಿತ್ತು, ಡಬ್ಬದ ಲೋಹವನ್ನು ಒಮ್ಮೆ ಮುಟ್ಟಿ, ನಂತರ ತೆರೆಯಿರಿ. ಬ್ಯಾಟರಿಯ ಪಕ್ಕದ ಪುಟ್ಟ ಹಿಡಿಕೆಯನ್ನು ಉಗುರಿನಿಂದ ಸರಿಸಿದರೆ ಹಳೆಯದು ತಾನಾಗಿ ಮೇಲೇಳುತ್ತದೆ. ಹೊಸದನ್ನು ಅಧಿಕ ಚಿಹ್ನೆ ಇರುವ ಮುಖ ಮೇಲೆ ಬರುವಂತೆ ಒತ್ತಿ ಕೂರಿಸಿ, ಬಯಾಸ್‌ನಲ್ಲಿ ದಿನಾಂಕ ಹಾಕಿ, ಬೂಟ್ ಕ್ರಮದಲ್ಲಿ ಯುಎಸ್‌ಬಿಯನ್ನು ಮೊದಲಿಗೆ ಇಡಿ. ಡಬ್ಬ ತೆರೆದಿರುವಾಗ ರ್ಯಾಮ್‌ಗೆ ಮಾತ್ರ ಕೈ ಹಾಕಬೇಡಿ, ಅದು ಈಗ ಚೆನ್ನಾಗಿಯೇ ನಡೆಯುತ್ತಿದೆ.